ಮೆತ್ತಗೆ ಹೇಳಿದ ಪಾಠ

ಮಾರ್ಚ್ ೯, ಸೋಮವಾರ

ಹದಿನೆಂಟು ವರ್ಷ ಈಜು ಕಲಿಸುತ್ತಾ ಈಜುಕೊಳದ ದಡದಲ್ಲಿ ಕಿರುಚಿದ್ದಕ್ಕೆ ಧ್ವನಿತಂತುಗಳ ಮೇಲೆ ಗಂಟು ಎದ್ದು ದನಿಯೇ ಹೋಗಿತ್ತು. ಗಂಟಲಿನ ಡಾಕ್ಟರಮ್ಮನ ಸಲಹೆಯಂತೆ ಒಂದು ವಾರ ಪೂರ್ತಿ ಮೌನ, ಆಮೇಲೆ ಎರಡು ತಿಂಗಳು ದನಿಯ ಅಭ್ಯಾಸ. ಮೌನದ ವಾರ ಹೆಂಡತಿಯ ಜೊತೆ ಜಗಳವಾಡಲೂ ಪೆನ್ನು ಹುಡುಕಬೇಕಿತ್ತು.

ಇವತ್ತು ಮತ್ತೆ ಕೆಲಸಕ್ಕೆ ಹೋದೆ. ಡಾಕ್ಟರಮ್ಮ ಹೇಳಿದಂತೆ ಕಿರುಚದೆ ಮಾತಾಡಿದೆ. ಯಾರಿಗೂ ಕೇಳಿಸದೆ ಮಕ್ಕಳೆಲ್ಲ ಈಜಿಕೊಂಡು ಹತ್ತಿರ ಬಂದರು. ವರ್ಷದಿಂದ ಕೊಳದ ಅಂಚಿನ ಕಂಬಿ ಬಿಡದ ಪುಟ್ಟಿ ನನ್ನನ್ನೇ ನೋಡಿದಳು.

"ಸರ್, ಹೀಗೆ ಮೆತ್ತಗೆ ಹೇಳಿದ್ರೆ ನಂಗೆ ಹೆದ್ರಿಕೆನೇ ಆಗಲ್ಲ."

"ನೀರಿಗಲ್ವೇನೇ ನೀನು ಹೆದರ್ತಿದ್ದಿದ್ದು?"

"ಅಲ್ಲ ಸರ್, ನಿಮಗೆ."

ಕಂಬಿ ಬಿಟ್ಟು ತೇಲಿದಳು. ನನಗೆ ನಾಚಿಕೆಯಾಯಿತು. ಆದರೂ ಈ ದನಿಯಲ್ಲೇ ಇನ್ನೂ ಹದಿನೆಂಟು ವರ್ಷ ಕಲಿಸಬಲ್ಲೆ. ನಾಳೆ ಅವಳಿಗೆ ಕಾಲು ಬಡಿಯುವುದನ್ನು ಕಲಿಸಬೇಕು.