ಹಗ್ಗ ತಂದವಳು ನಾನೇ

ನಂಜನಗೂಡು
ಶುಕ್ರವಾರ, 21-11-2025

ಅಕ್ಕಾ,

ಶರಣು. ನೀನೂ ಶಿವಸ್ವಾಮಿ ಭಾವನೂ ಮಕ್ಕಳೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ವಾರದಿಂದ ನಿನ್ನ ಫೋನ್ ಎತ್ತಿಲ್ಲ, ಬೈಯಬೇಡ. ನಿಮ್ಮ ಮನೆಯಲ್ಲಿ ಸ್ಪೀಕರ್ ಹಾಕದೆ ಮಾತಾಡಿದ ದಿನವೇ ಇಲ್ಲ, ಇದು ಭಾವನ ಕಿವಿಗೆ ಬೀಳುವ ವಿಷಯವಲ್ಲ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಮಕ್ಕಳ ಕಾಪಿ ತಿದ್ದುವ ಟೀಚರ್ ಅಕ್ಷರವೇ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ. ನಿಮ್ಮ ನರಸೀಪುರದಿಂದ ಓಡಾಡುವ ನಮ್ಮ ಶಾಲೆಯ ಇಂದ್ರಾಣಿ ಸಂಜೆ ನನ್ನನ್ನು ನೋಡಲು ಬರುತ್ತಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ. ಒಬ್ಬಳೇ ಇದ್ದಾಗ ಓದು.

ಕಟ್ಟಿಕೊಂಡ ಗಂಡ ಸಿದ್ಧಾರ್ಥ ನನ್ನನ್ನು ಕಟ್ಟಿಹಾಕಿ ಹೊಡೆದು ಕೈ ಮುರಿದಿದ್ದಾರೆ ಅಂತ ಬಸವೇಶಣ್ಣ ನಿನಗೆ ಹೇಳಿರುತ್ತಾನೆ. ಕಟ್ಟಿದ್ದು ನಿಜ. ಹೊಡೆದಿಲ್ಲ. ಕೈ ಮುರಿದೂ ಇಲ್ಲ, ಬಲಗೈ ಮಣಿಕಟ್ಟು ಜೋತು ಬಿದ್ದಿದೆ, ಮೇಲೆತ್ತಲು ಬರುತ್ತಿಲ್ಲ. ಹೇಗಾಯಿತು ಅಂತ ಹೇಳಲು ನಾಚಿಕೆ. ಆದರೆ ನಾಚಿಕೊಂಡು ಕೂತರೆ ಸೋಮವಾರ ಬಂದುಬಿಡುತ್ತದೆ.

ಹಗ್ಗದಿಂದ ಮೈ ಕಟ್ಟುವ ಒಂದು ಜಪಾನಿ ಪದ್ಧತಿ ಇದೆ ಅಕ್ಕ, ಶಿಬಾರಿ ಅನ್ನುತ್ತಾರೆ. ಮೂರು ವರ್ಷದ ಹಿಂದೆ ಅದನ್ನು ಫೋನಿನಲ್ಲಿ ಮೊದಲು ನೋಡಿದವಳು ನಾನು, ಸೆಣಬಿನ ಹಗ್ಗ ತಂದವಳೂ ನಾನೇ. "ಇದೇನೇ ನಯನ, ದನ ಕಟ್ಟೋ ಹಂಗೆ" ಅಂತ ಇವರು ಹೆದರಿದ್ದರು. ಆಮೇಲೆ ಶ್ರದ್ಧೆಯಿಂದ ಕಲಿತರು. ಗಂಡ ಹೆಂಡತಿ ನಡುವಿನ ವಿಷಯ ಹೌದು, ಅಷ್ಟೇ ಅಂದರೆ ಸುಳ್ಳಾಗುತ್ತದೆ. ಶಾಲೆಯಲ್ಲೂ ಮನೆಯಲ್ಲೂ ಎಲ್ಲದಕ್ಕೂ ನಾನೇ ಬೇಕು. ಹಗ್ಗದೊಳಗಿರುವ ಅರ್ಧ ಗಂಟೆ ಯಾರೂ ನನ್ನನ್ನು ಏನೂ ಕೇಳುವ ಹಾಗಿಲ್ಲ. ಅಷ್ಟು ನಿರಾಳ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ನಮ್ಮಂಥವರು ಇನ್ನೂ ಹತ್ತಾರು ಜನ ಇದ್ದಾರೆ. ಮೈಸೂರಿನಲ್ಲಿ ದೀಪಕ್ ಅನ್ನುವವರ ಯೋಗಶಾಲೆಯ ಮಹಡಿಯಲ್ಲಿ ಭಾನುವಾರ ಬೆಳಗ್ಗೆ ಸೇರುತ್ತೇವೆ. ಮೊದಮೊದಲು ವಿಡಿಯೋ ನೋಡಿಕೊಂಡು ಹುಚ್ಚು ಧೈರ್ಯದಲ್ಲಿ ಕಟ್ಟುತ್ತಿದ್ದೆವು. ಈಗ ಹಾಗಿಲ್ಲ. ಪಕ್ಕದಲ್ಲಿ ಕತ್ತರಿ ಇರಬೇಕು, ಕುಡಿದು ಬರುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ಕಟ್ಟಿಸಿಕೊಂಡವರು ಸಾಕು ಅಂದರೆ ಆ ಕ್ಷಣ ಬಿಚ್ಚಬೇಕು. ನಮ್ಮ ಸ್ಟಾಫ್ ರೂಮಿನಲ್ಲಿ ಇಷ್ಟು ಶಿಸ್ತು ಇದ್ದಿದ್ದರೆ ಶಾಲೆ ಉದ್ಧಾರವಾಗುತ್ತಿತ್ತು.

ಇಷ್ಟೆಲ್ಲ ಇದ್ದೂ ಎಡವಿದೆವು. ಕಟ್ಟಿದವರು ಆಗಾಗ ನಮ್ಮ ಅಂಗೈಗೆ ಎರಡು ಬೆರಳು ಕೊಟ್ಟು ಹಿಡಿ ಅನ್ನುತ್ತಾರೆ. ಗಟ್ಟಿಯಾಗಿ ಹಿಡಿದರೆ ಕೈಗೆ ತೊಂದರೆ ಇಲ್ಲ ಅಂತ ಲೆಕ್ಕ. ಹೋದ ವಾರ ಮನೆಯಲ್ಲಿ ಇವರು ಕೇಳಿದಾಗಲೆಲ್ಲ ಗಟ್ಟಿಯಾಗಿಯೇ ಹಿಡಿದೆ. ಆದರೆ ತೋಳಿನ ಹೊರಗಡೆ ಹಗ್ಗ ಒತ್ತಿ ಕೂತ ನರ ಬೇರೆಯದಂತೆ. ಅದು ಸೋತರೂ ಬೆರಳು ಹಿಡಿಯುತ್ತವೆ, ಮಣಿಕಟ್ಟು ಮಾತ್ರ ಏಳುವುದಿಲ್ಲ. ನಮ್ಮ ಗುಂಪಿನಲ್ಲಿ ಯಾರಿಗೂ ಇದು ತಿಳಿದಿರಲಿಲ್ಲ. ಈಗ ಹಿಡಿ ಅನ್ನುವುದನ್ನು ಬಿಟ್ಟು ಕೈ ಮೇಲೆತ್ತು ಅನ್ನುವುದನ್ನು ಶುರು ಮಾಡಿದ್ದಾರಂತೆ. ನನ್ನ ಕೈ ಬಿದ್ದ ಮೇಲೆ ಎಲ್ಲರಿಗೂ ಬುದ್ಧಿ ಬಂತು.

ನರ್ಸಿಂಗ್ ಹೋಮಿನಲ್ಲಿ ಡಾಕ್ಟರಮ್ಮ ತೋಳಿನ ಗುರುತು ನೋಡಿ ಇವರನ್ನು ಹೊರಗೆ ಕಳಿಸಿ, "ಹೆದರ್ಬೇಡಮ್ಮ, ಯಾರು ಕಟ್ಟಿದ್ದು?" ಅಂತ ಕೇಳಿದರು. ಮೆಟ್ಟಿಲ ಮೇಲಿಂದ ಬಿದ್ದೆ ಅಂದೆ. ನಂಬಲಿಲ್ಲ, ಪಾಪ, ನಂಬುವಂತೆಯೂ ಇರಲಿಲ್ಲ. ಎರಡು ಮೂರು ತಿಂಗಳಲ್ಲಿ ಕೈ ಸರಿಹೋಗುತ್ತದೆ ಅಂದಿದ್ದಾರೆ. ಅಲ್ಲಿ ರಕ್ತ ತೆಗೆಯುವ ಹುಡುಗಿ ನಮ್ಮೂರು ಕಳಲೆಯವಳು, ನನ್ನ ಗುರುತು ಹಿಡಿದಳು. ಮಾರನೇ ದಿನವೇ ಸುದ್ದಿ ಅಪ್ಪನ ಜಗಲಿಗೆ ಮುಟ್ಟಿತ್ತು.

ಮಂಗಳವಾರ ಬಸವೇಶಣ್ಣ ಬಂದ. ಚಪ್ಪಲಿಯನ್ನೂ ಬಿಡಲಿಲ್ಲ. ನಾನು ಬಚ್ಚಲಲ್ಲಿದ್ದೆ, ಹೊರಗೆ ಬರುವಷ್ಟರಲ್ಲಿ ಇವರ ಜೊತೆ ಅವನ ಮಾತು ಮುಗಿದಿತ್ತು. "ಸೋಮಾರ ಸ್ಟೇಷನ್‌ಗೆ ಓಗದು, ನೀ ಬಂದು ಸೈನ್ ಆಕು. ಆಕ್ದೆ ಇದ್ರೂ ಬುಡು, ನಾನೇ ಬರ್ದು ಕೊಡ್ತೀನಿ" ಅಂದು ಗಾಡಿ ಹತ್ತಿದ. ಆಮೇಲೆ ಅಪ್ಪನ ಫೋನ್. "ನಾನ್ ಆವತ್ತೇ ಏಳ್ಳಿಲ್ವಾ ಮಗಾ?" ಆ ದನಿಯಲ್ಲಿ ದುಃಖಕ್ಕಿಂತ ಗೆದ್ದ ಸಮಾಧಾನ ಹೆಚ್ಚಿತ್ತು. ಜಾತಿ ಬಿಟ್ಟು ಬುದ್ಧನ ಫೋಟೋ ಇರುವ ಮನೆ ಸೇರಿದೆ ಅಂತ ಇವತ್ತಿನವರೆಗೂ ನಮ್ಮಲ್ಲಿ ನೀರು ಕುಡಿಯದವರು ಅಪ್ಪ. ಇಂಥದ್ದೊಂದಕ್ಕೆ ಕಾದಿದ್ದರೇನೋ.

ಇವರು ಸರ್ಕಾರಿ ಕಾಲೇಜಿನ ಲೆಕ್ಚರರು. ಕೇಸಾದರೆ ಕೆಲಸಕ್ಕೆ ಕುತ್ತು, ಒಳಗೆ ಹಾಕಿದರೂ ಹಾಕಿಯಾರು. ನಿಜ ಹೇಳಿದರೆ ಊರು ನನ್ನನ್ನು ಏನನ್ನುತ್ತದೋ ಗೊತ್ತಿದೆ. ಗೇಟು ಸದ್ದಾದರೆ ಪೊಲೀಸರೇ ಅನ್ನಿಸುತ್ತದೆ. ಇವರು ಅನ್ನ ಕಲಸಿಕೊಟ್ಟು ತಟ್ಟೆ ಇಟ್ಟು ದೂರ ಹೋಗಿ ಕೂರುತ್ತಾರೆ. ನನ್ನನ್ನು ಮುಟ್ಟುವುದಕ್ಕೇ ಹೆದರುತ್ತಾರೆ.

ಭತ್ತ ಕೊಯ್ಯುವ ಮೆಷಿನ್ ಮಾತಾಡಲು ಅಣ್ಣ ಭಾನುವಾರ ನಿಮ್ಮಲ್ಲಿಗೆ ಬರುತ್ತಾನಲ್ಲ, ಅವನು ಕೇಳುವುದು ನಿನ್ನ ಮಾತೊಂದನ್ನೇ. ಒಳಗೆ ಕರೆದು ಹೇಳು, ಅವಳೇ ಬಯಸಿದ್ದು, ಅವಳೇ ಹಗ್ಗ ತಂದಿದ್ದು ಅಂತ. ನನ್ನನ್ನು ಹುಚ್ಚಿ ಅನ್ನಲಿ, ಕಳಲೆಗೆ ಕಾಲಿಡಬೇಡ ಅನ್ನಲಿ, ಸ್ಟೇಷನ್‌ಗೆ ಮಾತ್ರ ಹೋಗದಿರಲಿ. ನೀನೂ ಅಸಹ್ಯ ಪಟ್ಟುಕೊಂಡರೆ ಪಟ್ಟುಕೋ, ಮೊದಲು ಇಷ್ಟು ಮಾಡು.

ಭಾವನಿಗೆ ನಮಸ್ಕಾರ. ಮಕ್ಕಳಿಬ್ಬರೂ ನೂರು ಕಾಲ ಬಾಳಲಿ, ಚೆನ್ನಾಗಿ ಓದಲಿ. ಶ್ರೀಕಂಠೇಶ್ವರ ನಿಮ್ಮನ್ನೆಲ್ಲ ಕಾಯಲಿ, ನಮ್ಮ ಕಡೆಗೂ ಸ್ವಲ್ಪ ನೋಡಲಿ.

ನಿನ್ನ ತಂಗಿ,
ನಯನ

ಮರೆತಿದ್ದೆ ಅನ್ನಲಾರೆ, ಬರೆಯಲು ಧೈರ್ಯ ಬರಲಿಲ್ಲ. ಅಣ್ಣ ಅಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. "ನನ್ ತಂಗಿಗೆ ಒಡ್ದಿದ್ದೀಯೇನ್ಲಾ, ನಿಜ ಏಳು" ಅಂತ ಅವನು ಕೇಳಿದಾಗ ಸಿದ್ಧಾರ್ಥ "ಹೌದು, ಹೊಡೆದೆ" ಅಂದರು. ನನ್ನ ಮಾನ ಉಳಿಯಲಿ ಅಂತ. ಬಚ್ಚಲ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ, ಚಿಲಕ ತೆಗೆಯಲಿಲ್ಲ. ಅಣ್ಣ ಎರಡನೇ ಪ್ರಶ್ನೆ ಕೇಳಲಿಲ್ಲ. ಮದುವೆಯಾದ ಈ ಒಂಬತ್ತು ವರ್ಷದಲ್ಲಿ ನಮ್ಮ ಮನೆಯವರು ಅವರ ಮಾತನ್ನು ನಂಬಿದ್ದು ಅದೊಂದೇ ಸಲ ಅಕ್ಕ.