ಅಮ್ಮನ ಕಣ್ಣಿನ ಜಗಳ

ಭಾನುವಾರ, ಮಾರ್ಚ್ ೯
ಅಡುಗೆಮನೆಯ ಮೇಜಿನಿಂದ

ನನ್ನ ಮುದ್ದು ಡಾಕ್ಟರಮ್ಮನಿಗೆ,

ಅಮ್ಮನ ಅಪ್ಪುಗೆ, ಆಶೀರ್ವಾದ, ಜೊತೆಗೆ ಒಂದು ದೊಡ್ಡ ಕೇಕೆ. ಗೆದ್ದೆ ಕಣೇ! ಗಾಲ್ಫ್ ಕ್ಲಬ್ಬಿನ ಮಹಿಳೆಯರ ಕಪ್ ಈಗ ನನ್ನೆದುರು ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಕೂತಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಧ್ಯೆ ಮಧ್ಯೆ ಬಾಯಿ ಹಾಕುತ್ತೀ, ನಾನು ಹೇಳಬೇಕಾದ್ದನ್ನು ಮರೆತು ನಿನ್ನ ಊಟ, ನಿದ್ದೆ ವಿಚಾರಿಸಿ ಇಟ್ಟುಬಿಡುತ್ತೇನೆ. ಪತ್ರಕ್ಕಾದರೆ ನೀನು ಅಡ್ಡ ಬರುವಂತಿಲ್ಲ. ಕನ್ನಡಕವೋ, ಕಾಂಟ್ಯಾಕ್ಟ್ ಲೆನ್ಸೋ, ಲೇಸರೋ, ಯಾವುದರಿಂದ ಗೆದ್ದೆ ಎಂದು ತಿಳಿಯಲು ಕೊನೆಯ ಹಾಳೆಗೆ ಹಾರಬೇಡ. ನಿನ್ನ ಚಾಳಿ ನನಗೆ ಗೊತ್ತಿಲ್ಲವೇ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅಪ್ಪ ಮಗಳ ಜಗಳದಲ್ಲಿ ಬಡವಾದದ್ದು ಅಮ್ಮನ ಕಣ್ಣು. ನಿನ್ನ ಅಪ್ಪನಿಗೆ ಕನ್ನಡಕದ ಅಂಗಡಿ, ನಿನಗೆ ದೂರದ ಊರಿನ ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ. ಕಳೆದ ವರ್ಷ ಫೈನಲ್‌ನಲ್ಲಿ ನಾನು ಸೋತು ಬಂದ ಸಂಜೆ, ಇದೇ ಮೇಜಿನ ಮುಂದೆ, "ಲೇಸರ್ ಮಾಡಿಸಿದ್ರೆ ಅಮ್ಮ ಯಾವತ್ತೋ ಗೆದ್ದಿರೋಳು. ಈ ಗಾಜು, ಫ್ರೇಮು ಎಲ್ಲ ಇನ್ನೆಷ್ಟು ದಿನ ಅಪ್ಪಾ" ಅಂದೆ ನೀನು. "ನಾನು ಬದುಕಿರೋವರೆಗೂ ಅವಳ ಕಣ್ಣಿಗೆ ಯಾರೂ ಕೈ ಹಾಕ್ಬಾರ್ದು" ಅಂದರು ಅವರು. ಆಮೇಲೆ ಇಬ್ಬರೂ ಆಡಿದ ಮಾತುಗಳನ್ನು ಕಾಗದದ ಮೇಲೆ ಬರೆಯುವುದು ಬೇಡ. ಚೀಲ ಎತ್ತಿಕೊಂಡು ಹೋದ ನೀನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ನಿನ್ನ ಮಾತೆತ್ತಿದರೆ ಅವರು ಎದ್ದು ಹೋಗಿ, ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸುತ್ತಾರೆ. ಇದರಲ್ಲಿ ತಮಾಷೆ ಏನು ಗೊತ್ತಾ? ಯಾರ ಕಣ್ಣಿಗಾಗಿ ಈ ಯುದ್ಧವೋ ಅವಳನ್ನು ನೀವಿಬ್ಬರೂ ಒಂದು ಮಾತು ಕೇಳಲಿಲ್ಲ. ಅವತ್ತೇ ಹಠ ತೊಟ್ಟೆ. ನನ್ನ ಕಣ್ಣಿಗೆ ಏನು ಬೇಕೋ ನಾನೇ ಆರಿಸಿ, ಈ ಕಪ್ ಗೆದ್ದು, ನಿಮ್ಮಿಬ್ಬರ ಬಾಯಿ ಮುಚ್ಚಿಸಿ ಮತ್ತೆ ಒಂದೇ ಮೇಜಿಗೆ ಕೂರಿಸಬೇಕು ಎಂದುಕೊಂಡೆ. ಸೋತರೆ ಜಗಳಕ್ಕೆ ಇನ್ನೊಂದು ವರ್ಷ ಆಯುಸ್ಸು ಸಿಗುತ್ತದೆ ಎಂಬುದೂ ತಿಳಿದಿತ್ತು.

ಸೋಲುತ್ತಿದ್ದದ್ದಾದರೂ ಎಲ್ಲಿ ಅನ್ನುತ್ತೀ? ದೂರದ ಹೊಡೆತಕ್ಕೆ ನನ್ನನ್ನು ಯಾರೂ ಮೀರಿಸುತ್ತಿರಲಿಲ್ಲ. ಕುಳಿಯ ಹತ್ತಿರ ಬಂದು, ಚೆಂಡನ್ನು ಮೆಲ್ಲಗೆ ಒಳಕ್ಕೆ ತಳ್ಳಬೇಕಾದಾಗ ಮಾತ್ರ ಎಡವುತ್ತಿದ್ದೆ. ಅಲ್ಲಿ ನೆಲದ ಏರುತಗ್ಗು ಗೊತ್ತಾಗಬೇಕು. ಸರ್ವೆ ಕಚೇರಿಯಲ್ಲಿ ಅರ್ಧ ಆಯುಸ್ಸು ಏರುತಗ್ಗನ್ನೇ ಅಳೆದವಳು ನಾನು. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ; ನಾನು ಹಾಗಂದರೆ ನನ್ನ ಕಚೇರಿಯೇ ನಗುತ್ತದೆ. ಅದೂ ಅಲ್ಲದೆ ಎದುರಿಗಿದ್ದದ್ದು ಮಂಜುಗಡ್ಡೆ. ಅದೇ, ನಿವೃತ್ತ ಹಲ್ಲಿನ ಡಾಕ್ಟರು, ಗೆದ್ದರೂ ನಗದ, ಬಿಸಿಲಿಗೂ ಬೆವರದ ಹೆಂಗಸು. ನಾನು ಹತ್ತಿರದ ಚೆಂಡನ್ನು ತಪ್ಪಿಸಿದಾಗಲೆಲ್ಲ, ಹಲ್ಲು ಕೀಳುವ ಮುಂಚೆ ಹೇಳುವ ಹಾಗೆ, "ಸ್ವಲ್ಪ ತಡ್ಕೊಳ್ಳಿ, ಈಗ ಮುಗಿದುಹೋಗುತ್ತೆ" ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೊದಲು ನಿನ್ನ ಮಾತನ್ನೇ ಕೇಳಿದೆ. ನೀನು ಹಳ್ಳಿಯ ಶಿಬಿರಕ್ಕೆ ಹೋಗಿದ್ದ ದಿನ, ಲೇಸರ್ ಮಾಡುವ ನಿಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರ ಹತ್ತಿರ ಹೋಗಿ ಬಂದು ನಿನಗೆ "ಆಮೇಲೆ ನೋಡೋಣ" ಎಂದಷ್ಟೇ ಹೇಳಿದ್ದೆ. ನಡೆದದ್ದು ಇಷ್ಟು. ಅವರು ಒಳ್ಳೆಯ ಮನುಷ್ಯರು, ಅವಸರವೇ ಇಲ್ಲ. "ದೂರ ಚೆನ್ನಾಗಿ ಕಾಣುತ್ತೆ ಅಮ್ಮಾ. ಆದ್ರೆ ಈ ವಯಸ್ಸಲ್ಲಿ ಓದೋಕೆ ಕನ್ನಡಕ ಆಮೇಲೂ ಬೇಕಾಗುತ್ತೆ" ಅಂದರು. ಕಣ್ಣಿನ ಅಂಚಿಗೆ ಕಾಗದದ ಚೂರು ಸಿಕ್ಕಿಸಿ ತೇವ ನೋಡಿದರು. ಬಿಸಿಲು, ಧೂಳು ತಿಂದ ನನ್ನ ಕಣ್ಣು ಮೊದಲೇ ಒಣಗಿದೆಯಂತೆ, ಲೇಸರ್ ಆದರೆ ಕೆಲವು ಕಾಲ ಇನ್ನೂ ಒಣಗಬಹುದಂತೆ. "ಅವಸರ ಇಲ್ಲ, ಯೋಚನೆ ಮಾಡಿ ಬನ್ನಿ" ಅಂದರು. ಹೆದರಿಕೆಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಕಾಯುವ ಕೋಣೆಯಲ್ಲಿ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಸಾಲಾಗಿ ಕೂತವರ ಮಧ್ಯೆ, ಕೈ ಹಿಡಿದುಕೊಳ್ಳಲು ನೀನಿರಬೇಕಿತ್ತು ಅನ್ನಿಸಿತು.

ಆಮೇಲೆ ಲೆನ್ಸು. ಪಕ್ಕದ ಬೀದಿಯಲ್ಲಿ ನಿನ್ನ ಅಪ್ಪನ ಎದುರಾಳಿ ಇದ್ದಾನಲ್ಲ, ಅವನ ಅಂಗಡಿಗೆ ತಲೆ ಮೇಲೆ ಸೆರಗು ಎಳೆದುಕೊಂಡು ಕಳ್ಳಿಯ ಹಾಗೆ ಹೋದೆ. ಅವನು ಒಂದು ಕಣ್ಣಿಗೆ ದೂರದ್ದು, ಇನ್ನೊಂದಕ್ಕೆ ಹತ್ತಿರದ್ದು ಕೊಟ್ಟ. "ಮೆದುಳು ತಾನಾಗೇ ಹೊಂದ್ಕೊಳ್ಳುತ್ತೆ ಮೇಡಂ" ಅಂದ. ಎಲ್ಲಿಯ ಹೊಂದಿಕೆ! ನಿನ್ನ ಮತ್ತು ನಿನ್ನ ಅಪ್ಪನ ಹಾಗೆ ಎರಡು ಕಣ್ಣೂ ಒಂದೊಂದು ಹೇಳಿದವು. ಓದಲು ಚೆನ್ನಾಗಿತ್ತು, ಸಿನಿಮಾ ನೋಡಲು ಚೆನ್ನಾಗಿತ್ತು, ಆದರೆ ಕುಳಿ ಎಷ್ಟು ದೂರದಲ್ಲಿದೆ ಎಂಬುದೇ ಅಂದಾಜಿಗೆ ಸಿಗಲಿಲ್ಲ. ಒಂದು ಚೆಂಡು ಅರ್ಧಕ್ಕೇ ನಿಂತರೆ ಇನ್ನೊಂದು ಕುಳಿಯನ್ನು ದಾಟಿ ಸೀದಾ ಹೋಯಿತು. ಗಾಳಿ ಎದ್ದಾಗ ಧೂಳು ಹೊಕ್ಕು ಕಣ್ಣಲ್ಲಿ ಧಾರಾಕಾರ ನೀರು. ಮಂಜುಗಡ್ಡೆ ಹತ್ತಿರ ಬಂದು, "ಅಯ್ಯೋ, ಪ್ರಾಕ್ಟೀಸಿಗೆಲ್ಲ ಅಳ್ತಾರಾ?" ಎಂದು ಕರ್ಚೀಫು ಚಾಚಿದರು. ಆ ಕರ್ಚೀಫನ್ನು ಇಸಿದುಕೊಂಡಾಗ ಆದ ಅವಮಾನ ಈಗಲೂ ಬಿಸಿಯಾಗಿದೆ.

ಇಷ್ಟರಲ್ಲಿ ಒಂದು ಅನಾಹುತವಾಯಿತು. ನಿನ್ನ ಅಪ್ಪ ಎರಡು ವರ್ಷದ ಹಿಂದೆ ಪ್ರೀತಿಯಿಂದ ಮಾಡಿಕೊಟ್ಟ ಕನ್ನಡಕದ ಮೇಲೆ ನಾನೇ ಕೂತು ಮುರಿದುಬಿಟ್ಟೆ. ಮೇಲೆ ದೂರದ ನಂಬರು, ಕೆಳಗೆ ಓದುವ ನಂಬರು, ನಡುವೆ ಗೆರೆ ಕಾಣದ ಹಾಗೆ ಬೆರೆತ ಗಾಜು, ಅಂಗಡಿಯಲ್ಲಿದ್ದ ಅತ್ಯುತ್ತಮ ಗಾಜು. ಅವರಿಗೆ ಹೇಳುವ ಧೈರ್ಯವಿಲ್ಲದೆ ಕಪಾಟಿನಲ್ಲಿದ್ದ ಹಳೆಯದನ್ನು, ಬರೀ ದೂರದ ನಂಬರಿನದನ್ನು ಹಾಕಿಕೊಂಡು ಮೈದಾನಕ್ಕೆ ಹೋದೆ. ಏನು ಹೇಳಲಿ! ಸಂಜೆ ಗೂಡಿಗೆ ಹೋಗುವ ಕೋಳಿಗಳ ಹಾಗೆ ಚೆಂಡುಗಳು ಒಂದರ ಹಿಂದೊಂದು ಕುಳಿಗೆ ಇಳಿದವು.

ಆಗ ಹೊಳೆಯಿತು. ಗಾಲ್ಫ್ ಆಡುವವಳು ಕುತ್ತಿಗೆ ಬಗ್ಗಿಸಿ ಕಾಲ ಬಳಿಯ ಚೆಂಡನ್ನು ನೋಡುತ್ತಾಳೆ. ಮುರಿದುಹೋದ ಕನ್ನಡಕದಲ್ಲಿ ಆ ಚೆಂಡು ಬೀಳುತ್ತಿದ್ದದ್ದು ಸರಿಯಾಗಿ ಓದುವ ಭಾಗಕ್ಕೆ. ಪುಸ್ತಕ ಹಿಡಿಯುವಷ್ಟು ದೂರಕ್ಕೆ ಮಾಡಿದ ಗಾಜಿನಲ್ಲಿ ನೆಲ ನೋಡಿದರೆ ಚೆಂಡು ಮಸುಕು, ಇಳಿಜಾರೂ ಸುಳ್ಳು. ಎರಡು ವರ್ಷ ನನ್ನನ್ನು ಸೋಲಿಸಿದ್ದು ಮಂಜುಗಡ್ಡೆಯಲ್ಲ, ನಿನ್ನ ಅಪ್ಪನ ಅತ್ಯುತ್ತಮ ಗಾಜು! ಆದರೆ ಹಳೆಯದರಲ್ಲೂ ಒಂದು ತೊಂದರೆಯಿತ್ತು. ಹತ್ತಿರದ್ದು ಏನೂ ಕಾಣದು. ಯಾರ ಚೆಂಡೆಂದು ತಿಳಿಯಲು ಅದರ ಮೇಲೆ ನಂಬರಿರುತ್ತದೆ; ಆ ಏಳು ನನಗೆ ಒಂದಾಗಿ ಕಂಡು, ಒಂದು ಪಂದ್ಯದಲ್ಲಿ ಎದುರಾಳಿಯ ಚೆಂಡನ್ನೇ ಹೊಡೆದುಬಿಟ್ಟೆ. ನಮ್ಮಲ್ಲಿ ಹೆಚ್ಚು ಕುಳಿ ಗೆದ್ದವರಿಗೇ ಪಂದ್ಯ; ಬೇರೆಯವರ ಚೆಂಡು ಹೊಡೆದರೆ ಆ ಕುಳಿ ಸೋತ ಹಾಗೆ. ಗೆಲ್ಲುತ್ತಿದ್ದ ಕುಳಿಯನ್ನು ಕೈಯಾರೆ ಕೊಟ್ಟು ಬಂದೆ.

ಮರುದಿನ ಗಾಲ್ಫ್ ಕೋಲು ಹಿಡಿದು ಸೀದಾ ಅಂಗಡಿಗೆ ನುಗ್ಗಿದೆ. ಫ್ರೇಮ್ ಆರಿಸುತ್ತಿದ್ದ ಗಿರಾಕಿಯೊಬ್ಬರು ಗಾಬರಿಯಿಂದ ಮೂಲೆಗೆ ಸರಿದರು. "ರೀ, ಎರಡು ವರ್ಷ ಕುರ್ಚಿ ಮೇಲೆ ಕೂರಿಸಿ ನನ್ನ ಕಣ್ಣಿನ ಅಳತೆ ತಗೊಂಡ್ರಲ್ಲ, ಗಾಲ್ಫನ್ನ ಯಾರಾದ್ರೂ ಕೂತ್ಕೊಂಡು ಆಡ್ತಾರಾ?" ಎಂದು ಕೇಳಿದೆ. ಹಳೇ ಕನ್ನಡಕದ ವಿಷಯ ತಿಳಿದಾಗ ಅವರ ಮುಖ ಸಣ್ಣದಾಯಿತು. "ನನ್ನ ಗಾಜಿಂದಾನೇ ಸೋತ್ಯಾ?" ಅಂದರು. ಅದನ್ನು ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಆಮೇಲೆ ಅವರು ಅಂಗಡಿಯ ಬಾಗಿಲು ಮುಚ್ಚಿ, ಕುರ್ಚಿಗಳನ್ನು ಪಕ್ಕಕ್ಕೆ ತಳ್ಳಿ, ನೆಲದ ಮೇಲೆ ಒಂದು ಅಂಗಿಗುಂಡಿ ಬಿಸಾಡಿ, "ಇದೇ ಚೆಂಡು ಅಂದ್ಕೋ, ನಿಲ್ಲು" ಅಂದರು. ನಾನು ಕೋಲು ಹಿಡಿದು ಬಗ್ಗಿ ನಿಂತೆ. ಅವರು ಆ ಮಂಡಿನೋವಿನಲ್ಲೂ ನೆಲಕ್ಕೆ ಮಂಡಿಯೂರಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು, ನನ್ನ ಕಣ್ಣಿನ ಜಾಗವನ್ನು ಗಾಜಿನ ಮೇಲೆ ಪೆನ್ನಿನಿಂದ ಗುರುತು ಮಾಡಿದರು. ಒರೆಸಿದರು, ಮತ್ತೆ ಮಾಡಿದರು. ಮದುವೆಯಾದಾಗಿನಿಂದ ಇಷ್ಟು ಹೊತ್ತು ನನ್ನ ಮುಖ ನೋಡಿದ್ದು ಇದೇ ಮೊದಲು ಎಂದು ರೇಗಿಸಿದೆ. "ಅಲ್ಲಾಡ್ಬೇಡ" ಎಂದು ಗದರಿದರು.

ಅವರು ಮಾಡಿದ್ದು ಏನು ಅಂದರೆ, ಎರಡೂ ಗಾಜು ಪೂರ್ತಿ ದೂರದ ನಂಬರು. ಬಲಗಾಜಿನ ಕೆಳಗಿನ ಹೊರಮೂಲೆಯಲ್ಲಿ ಮಾತ್ರ ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದಾದ, ಓದುವ ನಂಬರಿನ ಚುಕ್ಕೆ. ಚೆಂಡು ನೋಡುವಾಗ ಅದು ಅಡ್ಡ ಬರುವುದಿಲ್ಲ. ಚೆಂಡಿನ ನಂಬರೋ ಅಂಕದ ಚೀಟಿಯೋ ಓದಬೇಕಾದರೆ ಕಣ್ಣನ್ನು ಓರೆ ಮಾಡಿದರೆ ಸಾಕು. ಅಂಥದ್ದನ್ನು ಅವರು ಹಿಂದೆಂದೂ ಮಾಡಿರಲಿಲ್ಲ. ಹಾಳಾದ ಗಾಜುಗಳನ್ನು ನನಗೆ ಕಾಣದ ಹಾಗೆ ಬಚ್ಚಿಟ್ಟಿದ್ದರು, ನಾನೂ ನೋಡದ ಹಾಗೆ ಇದ್ದೆ. ಹೌದಮ್ಮ, ಕೊನೆಗೆ ನಾನು ಆರಿಸಿದ್ದು ಕನ್ನಡಕವೇ. ಆದರೆ ಅವರು ಹೇಳಿದ ಕನ್ನಡಕವಲ್ಲ, ನಾನು ಕೇಳಿ ಮಾಡಿಸಿಕೊಂಡದ್ದು. ಈ ವ್ಯತ್ಯಾಸವನ್ನು ನಿಮ್ಮಿಬ್ಬರಿಗೂ ಸಾಯುವವರೆಗೂ ನೆನಪಿಸುತ್ತಿರುತ್ತೇನೆ.

ಇವತ್ತು ಫೈನಲ್. ಎದುರಿಗೆ ಮತ್ತೆ ಮಂಜುಗಡ್ಡೆ. ನಿನ್ನ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಮೊದಲ ಸಲ ನನ್ನ ಆಟ ನೋಡಲು ಬಂದಿದ್ದರು. ಮಂಜುಗಡ್ಡೆ ಎರಡು ಕುಳಿ ಮುಂದೆ ಹೋದರು, ನಾನು ಹಿಡಿದೆ. ನಾನು ಒಂದು ಮುಂದೆ ಹೋದೆ, ಅವರು ಹಿಡಿದರು. ಕೊನೆಯ ಕುಳಿಗೆ ಬಂದಾಗ ಇಬ್ಬರೂ ಸಮ. ಅಲ್ಲಿ ಅವರ ಚೆಂಡು ಮರಳುಗುಂಡಿಗೆ ಬಿದ್ದು ಒಂದು ಹೊಡೆತ ವ್ಯರ್ಥವಾಯಿತು. ನನ್ನ ಚೆಂಡು ಕುಳಿಯಿಂದ ಎರಡು ಮಾರು ದೂರದಲ್ಲಿ, ಇಳಿಜಾರಿನ ಮೇಲೆ. ಒಳಗೆ ಹೋದರೆ ಕಪ್ ನನ್ನದು. ಹೋಗದಿದ್ದರೆ ಮತ್ತೂ ಆಡಬೇಕು, ಆಡಲು ನನ್ನ ಕಾಲಲ್ಲಿ ಕಸುವಿರಲಿಲ್ಲ.

ನಿಂತು ನೋಡಿದೆ. ಪುಟ್ಟಿ, ಎಷ್ಟು ಸ್ಪಷ್ಟವಾಗಿ ಕಂಡಿತು ಅಂತೀಯ! ಹುಲ್ಲು ಯಾವ ಕಡೆ ಮಲಗಿದೆ, ನೆಲ ಎಲ್ಲಿ ಎಡಕ್ಕೆ ವಾಲುತ್ತದೆ, ಕುಳಿಯ ಅಂಚು ಎಲ್ಲಿ ಸ್ವಲ್ಪ ಸವೆದಿದೆ, ಎಲ್ಲವೂ. ಮಂಜುಗಡ್ಡೆ ಎಂದಿನಂತೆ, "ಸ್ವಲ್ಪ ತಡ್ಕೊಳ್ಳಿ" ಎಂದು ಶುರು ಮಾಡಿದರು. "ಇಲ್ಲ ಡಾಕ್ಟ್ರೇ, ಇವತ್ತು ನೀವು ತಡ್ಕೊಳ್ಳಿ" ಅಂದುಬಿಟ್ಟೆ. ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಕುಳಿಯನ್ನು ಬಿಟ್ಟು ಒಂದು ಗೇಣು ಬಲಕ್ಕೆ ಗುರಿ ಹಿಡಿದು ಮೆಲ್ಲಗೆ ತಳ್ಳಿದೆ. ಚೆಂಡು ಯಾವ ಅವಸರವೂ ಇಲ್ಲದೆ ಹೋಯಿತು, ಇಳಿಜಾರಿನಲ್ಲಿ ನಾನೆಣಿಸಿದ ಜಾಗದಲ್ಲೇ ತಿರುಗಿತು, ಅಂಚಿನಲ್ಲಿ ಒಂದು ಕ್ಷಣ ನಿಂತು ಜೀವ ತಿಂದು, ಒಳಗೆ ಬಿತ್ತು.

ನಾನು ಕೋಲು ಎಸೆದು ಕುಣಿದೆ. ಐವತ್ತು ದಾಟಿದವಳು, ಕಚೇರಿಯಲ್ಲಿ ಎಲ್ಲರನ್ನೂ ಹದ್ದುಬಸ್ತಿನಲ್ಲಿ ಇಡುವವಳು, ಹುಲ್ಲಿನ ಮೇಲೆ ಕುಣಿದೆ. ಮಂಜುಗಡ್ಡೆ ಬಂದು ತಬ್ಬಿಕೊಂಡು, "ನಿಮ್ಮ ಕನ್ನಡಕದ ಅಂಗಡಿ ಎಲ್ಲಿದೆ ಹೇಳಿ" ಎಂದು ಕೇಳಿ, ನಕ್ಕರು ಕಣೇ! ನಿನ್ನ ಅಪ್ಪ ಎಲ್ಲರಿಗಿಂತ ತಡವಾಗಿ ಚಪ್ಪಾಳೆ ತಟ್ಟಿ, ಓಡಿ ಬಂದು, "ಹೋಯ್ತಾ? ಒಳಗೆ ಹೋಯ್ತಾ?" ಅಂದರು. ಖುಷಿಯಲ್ಲಿ ಮನುಷ್ಯನಿಗೆ ಬುದ್ಧಿ ಕೆಟ್ಟಿದೆ ಎಂದುಕೊಂಡೆ. ಅವರ ಕೈ ಹಿಡಿದು ಕುಳಿಯೊಳಗಿನ ಚೆಂಡನ್ನು ಮುಟ್ಟಿಸಿದೆ.

ನಾನು ಗೆದ್ದಾಯಿತು. ಇನ್ನು ನನ್ನ ಕಣ್ಣಿನ ಹೆಸರು ಹೇಳಿಕೊಂಡು ಯಾರೂ ಜಗಳವಾಡುವಂತಿಲ್ಲ, ಇದು ಚಾಂಪಿಯನ್‌ಳ ಆಜ್ಞೆ. ಹೊತ್ತುಹೊತ್ತಿಗೆ ಊಟ ಮಾಡು.

ಇಂತಿ ನಿನ್ನ,
ಸೋತು ಸೋತು ಗೆದ್ದ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಬಿಟ್ಟಿದ್ದೆ. ಚೆಂಡು ಬಿದ್ದದ್ದನ್ನು ನಿನ್ನ ಅಪ್ಪ ನೋಡಲಿಲ್ಲ. ಎದುರಿಗೇ ನಿಂತಿದ್ದರು, ಕಾಣಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿದೆ. ತಮ್ಮ ಗಾಜಿನ ನಂಬರು ತಾವೇ ಬದಲಿಸಿಕೊಳ್ಳುತ್ತಾ ವರ್ಷ ತಳ್ಳಿದ್ದಾರೆ. ಪೊರೆ ಗಾಜಿಗೆ ಬಗ್ಗುವುದಿಲ್ಲ, ಆಪರೇಷನ್ನೇ ಆಗಬೇಕು. ಹಾಗಂದರೆ ನಿನ್ನ ಮುಂದೆ ಸೋತ ಹಾಗೆ ಎಂದು ಬಾಯಿ ಬಿಟ್ಟಿರಲಿಲ್ಲ. ಮನೆಗೆ ಬಂದ ಮೇಲೆ ಕಪ್ಪನ್ನು ಕೈಯಲ್ಲಿ ಸವರುತ್ತಾ, "ನೀನು ಗೆದ್ದಿದ್ದನ್ನ ನಾನು ನೋಡ್ಲೇ ಇಲ್ಲ ಕಣೇ" ಎಂದು ಅತ್ತುಬಿಟ್ಟರು. ಆಮೇಲೆ ತಾವಾಗಿಯೇ, "ಅವಳಿಗೆ ಬರಿ. ಅವಳೇ ಮಾಡೋದಾದ್ರೆ ಮಾಡಿಸ್ಕೋತೀನಿ" ಅಂದರು. ಮನೆಯವರ ಕಣ್ಣಿಗೆ ಕೈ ಹಾಕಬಾರದು ಎಂಬ ನಿಯಮವೇನಾದರೂ ಇದ್ದರೆ ನಿಮ್ಮ ದೊಡ್ಡ ಡಾಕ್ಟರು ಮಾಡಲಿ, ನೀನು ಪಕ್ಕದಲ್ಲಿ ನಿಂತಿರು. ಗುರುವಾರದ ಬಸ್ಸಿಗೆ ಇಬ್ಬರೂ ಹೊರಡುತ್ತಿದ್ದೇವೆ. ನಿಲ್ದಾಣಕ್ಕೆ ಬಾ. ದೂರದಿಂದ ಅವರು ನಿನ್ನನ್ನು ಗುರುತು ಹಿಡಿಯಲಾರರು. ನೀನೇ ಹತ್ತಿರ ಬಂದು, ಮೊದಲು "ಅಪ್ಪಾ" ಅನ್ನು.