ಸುಂದರಾ ಮಾವಶಿಯ ತಂಬಿಗೆ ನೀರು ಮತ್ತು ನಿಮ್ಮ ಮೂರು ಹಸಿರು ಅಧ್ಯಾಯಗಳು

ಮೂರೂ ಪಕ್ಷಗಳ ಪ್ರಣಾಳಿಕೆ ಸಮಿತಿಗಳ ಅಧ್ಯಕ್ಷರಾದ ಮಾನ್ಯರೇ,

ನಿಮ್ಮಲ್ಲಿ ಒಬ್ಬರ ಪಕ್ಷದ ಅಭ್ಯರ್ಥಿ ಈಚೆಗೆ ನಮ್ಮೂರ ಹಳ್ಳದ ದಂಡೆಯ ಓಣಿಯಲ್ಲಿ ಒಂದು ತಂಬಿಗೆ ನೀರು ಕುಡಿದರು. ಅದು ಆ ಓಣಿಯ ನೀರಲ್ಲ. ಆದರೂ ಓಣಿಯ ನೀರು ಶುದ್ಧವಾಗಿದೆ ಎಂಬುದಕ್ಕೆ ಆ ತಂಬಿಗೆಯನ್ನೇ ಸಾಕ್ಷಿ ಮಾಡಿಕೊಂಡರು. ಇನ್ನೊಬ್ಬರ ಪಕ್ಷವು ನೀರು ಕೊಟ್ಟ ಮುದುಕಿಯನ್ನು ಸುಳ್ಳಿ ಎಂದಿತು. ಮತ್ತೊಬ್ಬರ ಪಕ್ಷಕ್ಕೆ ಅವಳ ಹೆಸರು ಕೇಳುವಷ್ಟೂ ಪುರುಸೊತ್ತಿರಲಿಲ್ಲ. ಈಗ ಆ ಮುದುಕಿ ಊರಲ್ಲಿಲ್ಲ. ನಿಮ್ಮ ಮೂವರ ಪರಿಸರ ನೀತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದ ಮೇಲೆ, ಅವಳು ಊರು ಬಿಟ್ಟದ್ದಕ್ಕೆ ಯಾರನ್ನು ಹೆಚ್ಚು ದೂರಬೇಕೆಂದು ತಿಳಿಯದೆ ಮೂವರಿಗೂ ಒಂದೇ ಪತ್ರ ಬರೆಯುತ್ತಿದ್ದೇನೆ.

ರಾಯಬಾಗದಲ್ಲಿ ನನ್ನದೊಂದು ಸಣ್ಣ ಫ್ಲೆಕ್ಸ್ ಅಂಗಡಿಯಿದೆ. ಚುನಾವಣೆ ಬಂತೆಂದರೆ ಮೂರೂ ಪಕ್ಷದವರು ಬರುತ್ತಾರೆ. ಬಂದವರು ಪ್ರಣಾಳಿಕೆಯ ಪ್ರತಿಯನ್ನು ಮೇಜಿನ ಮೇಲಿಟ್ಟು, ಇದರಲ್ಲಿಯ ನಾಲ್ಕು ಸಾಲು ದೊಡ್ಡದಾಗಿ ಹಾಕು ಎನ್ನುತ್ತಾರೆ. ಹಾಗಾಗಿ ಈ ಮೂರೂ ಪುಸ್ತಕಗಳನ್ನು ನಾನು ಮನೆಗೆ ಒಯ್ದು ಓದಿದೆ. ಒಬ್ಬರು ‘ನದಿ ಪುನಶ್ಚೇತನ’ ಎಂದಿದ್ದೀರಿ. ಒಬ್ಬರು ‘ಹಸಿರೇ ಉಸಿರು’ ಎಂದಿದ್ದೀರಿ. ಮತ್ತೊಬ್ಬರು ‘ಅಭಿವೃದ್ಧಿ ಮತ್ತು ಪರಿಸರದ ಸಮತೋಲನ’ ಎಂದು ಗಂಭೀರವಾಗಿ ಬರೆದಿದ್ದೀರಿ. ಇಬ್ಬರ ಪುಸ್ತಕದಲ್ಲಿ ಒಂದೇ ಜಲಪಾತದ ಚಿತ್ರವಿದೆ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಚಿತ್ರವದು, ನನ್ನ ಕಂಪ್ಯೂಟರಿನಲ್ಲೂ ಇದೆ. ಹುಲಿಯಿದೆ, ಘಟ್ಟದ ಕಾಡಿದೆ, ರಾಜಧಾನಿಯ ಕೆರೆಗಳಿವೆ. ಆದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಪರಿಸರ ಎಂಬುದು ಇದ್ದೀತೆಂದು ಮೂವರಿಗೂ ಹೊಳೆದಿಲ್ಲ. ನಾವು ನಿಮ್ಮ ಪುಸ್ತಕದಲ್ಲಿ ಬರುವುದು ಕೈಗಾರಿಕೆಯ ಅಧ್ಯಾಯದಲ್ಲಿ. ಅಲ್ಲಿ ಮೂವರೂ ಒಂದೇ ಮಾತು ಆಡಿದ್ದೀರಿ: ಸಕ್ಕರೆ ಕಾರ್ಖಾನೆಗಳಿಗೆ ಇನ್ನಷ್ಟು ಎಥೆನಾಲ್ ಘಟಕ, ಅನುಮತಿ ಶೀಘ್ರ, ತಪಾಸಣೆ ಸರಳ. ‘ಸರಳ’ ಎಂಬ ಪದದ ಅರ್ಥವನ್ನು ನಮ್ಮ ಹಳ್ಳದ ದಂಡೆಗೆ ಬಂದು ತಿಳಿಯಬೇಕು. ಹಸಿರು ಅಧ್ಯಾಯದಲ್ಲಿ ನೀವು ಉಳಿಸುತ್ತೇವೆ ಎಂದ ನೀರನ್ನೇ ಕೈಗಾರಿಕೆಯ ಅಧ್ಯಾಯದಲ್ಲಿ ಕೊಟ್ಟುಬಿಟ್ಟಿದ್ದೀರಲ್ಲ, ಈ ಎರಡು ಅಧ್ಯಾಯ ಬರೆದವರು ಒಬ್ಬರ ಮುಖ ಒಬ್ಬರು ನೋಡಿಲ್ಲವೇ?

ಊರ ಹೆಸರನ್ನು ಬೇಕೆಂದೇ ಬರೆದಿಲ್ಲ. ಬರೆದರೆ ನಾಳೆ ಆ ಓಣಿಗೆ ಜೀಪು ಬರುತ್ತದೆ, ನೀರು ಬರುವುದಿಲ್ಲ. ರಾಯಬಾಗ ತಾಲ್ಲೂಕಿನ ಒಂದು ಊರು ಎಂದಿಟ್ಟುಕೊಳ್ಳಿ. ಊರ ಮೇಲ್ಭಾಗಕ್ಕೆ, ಅಂದರೆ ನಮ್ಮ ಮನೆಯ ಕಡೆಗೆ, ನಳದ ನೀರಿದೆ. ಕೆಳಗೆ ಹಳ್ಳದ ದಂಡೆಯಲ್ಲಿ ಬಾಬಾಸಾಹೇಬರ ಹಾದಿ ಹಿಡಿದ ಬೌದ್ಧರ ಓಣಿಯಿದೆ, ಅದಕ್ಕೊಂದು ಬೋರಿಂಗ್ ಪಂಪು. ಹಳ್ಳದ ಮೇಲಕ್ಕೆ ಕಾರ್ಖಾನೆ, ಅದರ ಬೆನ್ನಿಗೆ ಎಥೆನಾಲ್ ತೆಗೆಯುವ ಡಿಸ್ಟಿಲರಿ. ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಹಳ್ಳ ಕಪ್ಪಾಗುತ್ತದೆ. ಬೇಸಿಗೆಯಲ್ಲಿ ಬೇರೆ ನೀರೇ ಇಲ್ಲದ್ದರಿಂದ ಹಳ್ಳದಲ್ಲಿ ಹರಿಯುವುದು ಡಿಸ್ಟಿಲರಿ ಬಿಟ್ಟ ಹೊಲಸೊಂದೇ. ಪಂಪಿನಿಂದ ಬರುವ ನೀರಿಗೆ ಚಹಾದ ಬಣ್ಣ, ಕೊಳೆತ ಬೆಲ್ಲದ ನಾತ. ಓಣಿಯವರು ಅರ್ಜಿ ಕೊಟ್ಟರು. ಸಂಬಂಧಪಟ್ಟ ಅಧಿಕಾರಿಗಳು ಬಂದರು, ಬಾಟಲಿಯಲ್ಲಿ ನೀರು ಒಯ್ದರು. ಬಂದದ್ದು ಮಾತ್ರ ಭರ್ತಿ ಮಳೆಗಾಲದಲ್ಲಿ, ಕಾರ್ಖಾನೆಯ ಬಾಗಿಲು ಹಾಕಿದ ಮೇಲೆ. ನೀರು ಚೆನ್ನಾಗಿದೆ ಎಂದು ವರದಿಯಾಯಿತು. ಮಳೆಯ ನೀರು ಚೆನ್ನಾಗಿಯೇ ಇರುತ್ತದೆ, ಅದನ್ನು ನಾವು ಒಪ್ಪುತ್ತೇವೆ.

ಈ ಓಣಿಯಲ್ಲಿ, ನಾನು ಮಾವಶಿ ಅಂದರೆ ಚಿಕ್ಕಮ್ಮ ಎಂದು ಕರೆಯುವ ಸುಂದರಾಳ ಮನೆಯಿದೆ. ನನ್ನ ತಾಯಿ ಸರ್ವರಬಿ ಮತ್ತು ಮಾವಶಿ ಹರೆಯದಿಂದ ಒಂದೇ ಗುಂಪಿನಲ್ಲಿ ಕಬ್ಬಿನ ಹೊಲದ ಕಳೆ ತೆಗೆದವರು. ಒಬ್ಬರ ಬುತ್ತಿ ಇನ್ನೊಬ್ಬರು ಉಂಡವರು. ಮಾವಶಿಯ ಮಗ ವಿಕ್ರಾಂತ ಅದೇ ಕಾರ್ಖಾನೆಯಲ್ಲಿ, ಕಬ್ಬಿನ ಗಾಡಿ ತೂಗುವ ಕಾಟಾದ ಗುಮಾಸ್ತನಾಗಿದ್ದ. ಸೊಸೆ ನೀಲಮ, ಇನ್ನೂ ಹಲ್ಲು ಬಾರದ ಮೊಮ್ಮಗಳು. ಮಗುವಿಗಾಗಿ ನೀಲಮ ಪಂಚಾಯತಿ ಬಳಿಯ ಶುದ್ಧ ನೀರಿನ ಘಟಕದಿಂದ ದಿನಾ ಒಂದು ಕ್ಯಾನು ಹೊತ್ತು ತರುತ್ತಿದ್ದಳು. ಅದು ಮಗುವಿನ ನೀರು. ಮನೆಯಲ್ಲಿ ಮತ್ತಾರೂ ಅದನ್ನು ಮುಟ್ಟುತ್ತಿರಲಿಲ್ಲ.

ಆಡಳಿತ ಪಕ್ಷದ ಅಭ್ಯರ್ಥಿ ಬರುತ್ತಾರೆಂದು ತಿಳಿದಾಗ ಓಣಿಯವರು ಒಂದು ಮಾತಿಗೆ ಬಂದರು. ಬೈಯುವುದು ಬೇಡ, ಧಿಕ್ಕಾರ ಕೂಗುವುದು ಬೇಡ, ಪಂಪಿನ ಹತ್ತಿರ ಕರೆದೊಯ್ದು ನೀರು ತೋರಿಸೋಣ, ಕಣ್ಣಿದ್ದವರು ನೋಡುತ್ತಾರೆ. ಅವರು ಬಂದರು. ಬಿಸಿಲು ನೆತ್ತಿ ಸುಡುತ್ತಿತ್ತು. ಪಂಪಿನವರೆಗೆ ಹೋಗದೆ, ದಾರಿಯಲ್ಲೇ ಇದ್ದ ಮಾವಶಿಯ ಕಟ್ಟೆಯ ಮೇಲೆ ಕುಳಿತರು.

“ಅವ್ವಾರ, ಭಾಳ ಬಿಸಲೈತಿ. ಒಂದ್ ತಂಬಗಿ ನೀರ ಕೊಡ್ರಿ” ಎಂದರು.

ಮಾವಶಿ ಒಳಗೆ ಹೋದಳು. ಪಂಪಿನ ಕೊಡವನ್ನು ದಾಟಿ ಮಗುವಿನ ಕ್ಯಾನಿಗೆ ಕೈ ಹಾಕಿದಳು. ನೀಲಮ “ಅತ್ತಿ, ಅದು ಕೂಸಿಂದ್ರಿ” ಎಂದಳಂತೆ. ಮಾವಶಿ ಸುಮ್ಮನಿರು ಎಂದು ಕಣ್ಣಿನಲ್ಲೇ ಹೇಳಿ, ತಂಬಿಗೆಯನ್ನು ಎರಡು ಸಲ ತೊಳೆದು ತುಂಬಿ ತಂದುಕೊಟ್ಟಳು. ಅಭ್ಯರ್ಥಿ ಗಟಗಟ ಕುಡಿದರು. ಹಿಂದಿದ್ದ ಹುಡುಗರು ಮೊಬೈಲ್ ಎತ್ತಿ ಹಿಡಿದರು. ಆಮೇಲೆ ಜೊತೆಗಿದ್ದವರಿಗೂ ನೀರಡಿಕೆಯಾಯಿತು. ಮಾವಶಿ ಅವರಿಗೂ ಕೊಟ್ಟಳು. ಕ್ಯಾನು ಬರಿದಾಯಿತು. ಓಣಿಯ ಮಂದಿ ಪಂಪಿನ ಹತ್ತಿರ ಕಾಯುತ್ತಲೇ ಇದ್ದರು. ಅಭ್ಯರ್ಥಿ ಕೈ ಮುಗಿದು ಗಾಡಿ ಹತ್ತಿದರು.

ಆ ಸಂಜೆ ಘಟಕದಲ್ಲಿ ಕರೆಂಟ್ ಇರಲಿಲ್ಲ. ನೀಲಮ ಬರಿಗೈಲಿ ತಿರುಗಿ ಬಂದಳೆಂದು ತಿಳಿದು ನನ್ನ ತಾಯಿ ನಮ್ಮ ನಳದ ನೀರಿನ ಕೊಡ ಹೊತ್ತು ಅಲ್ಲಿಗೆ ಹೋದಳು, ನಾನೂ ಜೊತೆಗಿದ್ದೆ. ತಾಯಿಗೆ ಸಿಟ್ಟು ಬಂದಿತ್ತು.

“ಏನ ಮಾಡಿದಿ ಬೇ ಸುಂದರಾ? ಇಡೀ ಓಣಿ ಆ ನೀರ ತೋರಸಾಕ ನಿಂತಿತ್ತು. ನೀ ಕೂಸಿನ ನೀರ ಕೊಟ್ಟ ಕಳಿಸಿದಿ!”

ಮಾವಶಿ ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೊದ ಕೆಳಗೆ ಕುಳಿತಿದ್ದಳು. ಮುಖದಲ್ಲಿ ಒಂದು ಬಗೆಯ ಬೆಳಕಿತ್ತು. ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

“ಮನೀಗಿ ಬಂದು ನೀರ ಕೇಳಿದವಂಗ ಆ ಹೊಲಸ ಹೆಂಗ ಕೊಡ್ಲಿ ಸರ್ವರಾ? ನಮ್ಮಪ್ಪಗ ಊರ ಮಂದಿ ಮ್ಯಾಲಿಂದ ನೀರ ಸುರೀತಿದ್ರು, ಬೊಗಸಿ ಒಡ್ಡಿ ಕುಡೀತಿದ್ದ. ಅವನ ಮಗಳ ಕೈಯಾಗಿನ ತಂಬಗಿ ಇಸ್ಕೊಂಡು ಅಂಥಾ ದೊಡ್ಡ ಮನಶಾ ಬಾಯಿಗಿ ಹಚ್ಚಿದ. ಆ ಹೊತ್ತಿನಾಗ ನಾ ಬೋರಿಂಗಿನ ನೀರ ಕೊಡ್ಲ್ಯಾ?”

ನನ್ನ ತಾಯಿ ಕೊಡ ಇಳಿಸಿ ಅವಳ ಪಕ್ಕ ಕುಳಿತಳು.

ಮಾನ್ಯರೇ, ಮರುದಿನ ಎಲ್ಲರ ಮೊಬೈಲಿಗೂ ಆ ವಿಡಿಯೊ ಬಂತು. ಮಾವಶಿ ತಂಬಿಗೆ ಕೊಡುತ್ತಾಳೆ, ಅಭ್ಯರ್ಥಿ ಕುಡಿಯುತ್ತಾರೆ, ಹಿಂದೆ ಹಾಡು. ಮೇಲೆ ಬರೆದಿತ್ತು: ‘ಹಳ್ಳದ ಓಣಿಯ ನೀರನ್ನು ಸ್ವತಃ ಕುಡಿದು ವಿರೋಧಿಗಳ ಸುಳ್ಳನ್ನು ಬಯಲು ಮಾಡಿದರು.’ ‘ನದಿ ಪುನಶ್ಚೇತನ’ದ ಪಕ್ಷದ ಪರಿಸರ ನೀತಿ ಜಾರಿಗೆ ಬಂದ ಬಗೆ ಇದು. ಒಂದು ಹಳ್ಳವನ್ನು ಇಷ್ಟು ಬೇಗ, ಇಷ್ಟು ಸುಲಭವಾಗಿ ಶುದ್ಧ ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

‘ಹಸಿರೇ ಉಸಿರು’ ಎಂದ ಪಕ್ಷದ ಅಭ್ಯರ್ಥಿ ಎರಡು ದಿನ ಬಿಟ್ಟು ಬಂದರು. ಇವರು ಪಂಪಿನ ಹತ್ತಿರ ಹೋದರು, ಅದನ್ನು ಒಪ್ಪಿಕೊಳ್ಳಬೇಕು. ಕಂದು ನೀರನ್ನು ಬಾಟಲಿಗೆ ತುಂಬಿ ಕ್ಯಾಮೆರಾದ ಮುಂದೆ ಹಿಡಿದರು. ಸೀರೆಯ ಆಸೆಗೆ ಒಬ್ಬ ಮುದುಕಿ ಸುಳ್ಳು ನೀರು ಕುಡಿಸಿದಳು ಎಂದರು. ಅವಳ ಮನೆಯ ಬಾಗಿಲಲ್ಲೇ ನಿಂತು ಎಂದರು. ವಿಕ್ರಾಂತ ಮುಂದೆ ಬಂದು ಕೇಳಿದ: “ಸಾಹೇಬ್ರ, ಸೀರಿ ಯಾರೂ ಕೊಟ್ಟಿಲ್ರಿ, ನಮ್ಮವ್ವ ತಗೊಂಡೂ ಇಲ್ಲ. ಅದು ಫಿಲ್ಟರ್ ನೀರ ಇತ್ತು. ಅದಿರಲಿ, ನೀವು ಆರಿಸಿ ಬಂದ್ರ ಡಿಸ್ಟಿಲರಿ ನೀರ ಹಳ್ಳಕ್ಕ ಬಿಡೂದ ನಿಲ್ಲಸ್ತೀರೇನ್ರಿ?” ಅಭ್ಯರ್ಥಿ ನಕ್ಕರು. ಅವರ ಮಾವನವರು ಪಕ್ಕದ ತಾಲ್ಲೂಕಿನ ಕಾರ್ಖಾನೆಯ ನಿರ್ದೇಶಕರು. “ಅದನ್ನ ಆರಿಸಿ ಬಂದ ಮ್ಯಾಲ ಮಾತಾಡೋಣಂತ” ಎಂದು ಬಾಟಲಿಯನ್ನು ಕಾರಿನಲ್ಲಿಟ್ಟುಕೊಂಡು ಹೋದರು.

ಸಮತೋಲನದ ಪಕ್ಷದವರು ಕೊನೆಗೆ ಬಂದರು. ಅವರೂ ಮಾವಶಿಯ ಬಾಗಿಲಲ್ಲಿ ನಿಂತರು, ಅವಳ ಹೆಸರು ಕೇಳಲಿಲ್ಲ, ಯಾರನ್ನೂ ಬೈಯಲೂ ಇಲ್ಲ. ಓಣಿಗೆ ತಮ್ಮ ತಂದೆಯವರ ಹೆಸರಿನಲ್ಲಿ ಒಂದು ಫಿಲ್ಟರ್ ಕಟ್ಟಿಸುತ್ತೇನೆ ಎಂದರು. ಹಳ್ಳದ ಮಾತು ಎತ್ತಿದರೆ, ಅದು ಮೇಲಿನವರ ವಿಷಯ ಎಂದರು. ಅಂದರೆ ಕಾರ್ಖಾನೆ ಹಳ್ಳವನ್ನು ಹೊಲಸು ಮಾಡುತ್ತಿರಲಿ, ಓಣಿ ಸೋಸಿಕೊಂಡು ಕುಡಿಯುತ್ತಿರಲಿ: ಇದಕ್ಕಿಂತ ಒಳ್ಳೆಯ ಸಮತೋಲನ ಇನ್ನೇನಿದೆ?

ವಿಕ್ರಾಂತ ಆಡಿದ ಮಾತನ್ನೂ ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ವಾರದೊಳಗೆ ಕಾರ್ಖಾನೆಯವರು ಅವನನ್ನು ಕರೆದು, ಹಂಗಾಮು ಮುಗಿದಿದೆ, ಬೇಕಾದರೆ ಮುಂದಿನ ಹಂಗಾಮಿಗೆ ಹೇಳಿ ಕಳಿಸುತ್ತೇವೆ ಎಂದರು. ಅವನದು ವರ್ಷವಿಡೀ ಇರುವ ಕೆಲಸವಾಗಿತ್ತು. ಕಾರ್ಖಾನೆ ಮುಚ್ಚಿ ಎಂದು ಓಣಿಯಲ್ಲಿ ಯಾರೂ ಎಂದೂ ಕೇಳಿದವರಲ್ಲ. ಆ ಓಣಿಯ ಅರ್ಧ ಒಲೆಗಳು ಕಬ್ಬಿನಿಂದಲೇ ಉರಿಯುತ್ತವೆ. ಹೊಲಸನ್ನು ನಿಮ್ಮ ಅಂಗಳದಲ್ಲೇ ಸ್ವಚ್ಛ ಮಾಡಿ ಬಿಡಿ ಎಂದಷ್ಟೇ ಅವರು ಕೇಳಿದ್ದು.

ಆದರೆ ಮಾವಶಿಯನ್ನು ಮುರಿದದ್ದು ಮಗನ ಕೆಲಸ ಹೋದದ್ದಲ್ಲ. ಪಂಪಿನ ಹತ್ತಿರ ಹೆಂಗಸರು ಅವಳು ಬಂದರೆ ಮಾತು ನಿಲ್ಲಿಸತೊಡಗಿದರು. ಬಾಜೂ ಮನೆಯ ಲಕ್ಷ್ಮಿಬಾಯಿ, ಮಾವಶಿಯ ಹೆರಿಗೆಗೆ ನಿಂತವಳು, ಎಲ್ಲರ ಎದುರು ಅಂದುಬಿಟ್ಟಳು: “ಒಂದ್ ತಂಬಗಿ ನೀರಾಗ ಇಡೀ ಓಣೀನ ಮುಳಗಿಸಿದಿ ನೋಡ ಸುಂದರಾ.” ಲಕ್ಷ್ಮಿಬಾಯಿಯದೂ ತಪ್ಪೆನ್ನಲಾರೆ. ಅವಳ ಮೈತುಂಬ ತುರಿಕೆಯ ಗಾಯಗಳಿವೆ. ಅವುಗಳನ್ನು ಯಾರಾದರೂ ನೋಡಿಯಾರೆಂದು ಅವಳೂ ಆ ದಿನ ಬಿಸಿಲಲ್ಲಿ ಕಾದು ನಿಂತಿದ್ದಳು.

ಆಡಳಿತ ಪಕ್ಷದವರ ಮೆರವಣಿಗೆ ಎರಡನೆಯ ಸಲ ಬಂದಾಗ ಮಾವಶಿ ಪಂಪಿನ ನೀರನ್ನು ಅದೇ ತಂಬಿಗೆಯಲ್ಲಿ ತುಂಬಿಕೊಂಡು ಹಾದಿಯಲ್ಲಿ ನಿಂತಳು. ಕೂಗಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ. ತೆರೆದ ಗಾಡಿಯಲ್ಲಿ ನಿಂತಿದ್ದ ಅಭ್ಯರ್ಥಿಗೆ ಗುರುತು ಸಿಕ್ಕಿತು. ನಕ್ಕು ಕೈ ಬೀಸಿದರು. “ಸಾಹೇಬ್ರ, ಇದು ನಮ್ಮ ನೀರ ನೋಡ್ರಿ, ಅವತ್ತಿಂದು ಅಲ್ರಿ” ಎಂದು ಅವಳು ಹೇಳಿದ್ದು ಡೊಳ್ಳಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಅಥವಾ ಕೇಳಿಸಿತೋ, ನಾನು ಕಾಣೆ. ಕಾರ್ಯಕರ್ತನೊಬ್ಬ ಇಳಿದು ಬಂದು, “ಆತು ಆಯಿ, ಸರದ ನಿಲ್ಲು” ಎಂದು ಅವಳ ತೋಳು ಹಿಡಿದು ಬದಿಗೆ ನಿಲ್ಲಿಸಿದ. ತಂಬಿಗೆ ಕೈಜಾರಿತು. ನೀರು ಅವಳ ಸೀರೆಯ ಮೇಲೆಲ್ಲ ಚೆಲ್ಲಿ ಕಲೆಯಾಯಿತು. ಗಾಡಿಗಳು ದಾಟುವವರೆಗೂ ಅವಳು ಹಾಗೇ ನಿಂತಿದ್ದಳು.

ಎರಡು ದಿನಕ್ಕೆ ಅವಳು ಕೊಗನೊಳ್ಳಿಯ ತಂಗಿಯ ಮನೆಗೆ ಹೊರಟಳು. ರಾಯಬಾಗ ಬಸ್‌ಸ್ಟ್ಯಾಂಡಿನಲ್ಲಿ ನನ್ನ ತಾಯಿ ಅವಳ ಚೀಲ ಹಿಡಿದು ಕುಳಿತಿದ್ದಳು. ಬಸ್ಸು ಬಂದಾಗ ತಾಯಿ ಕೇಳಿದಳು: “ವೋಟಿಗಿ ಬರ್ತಿ ಇಲ್ಲ?”

“ಯಾರಿಗಿ ಹಾಕ್ಲಿ ಸರ್ವರಾ? ಮೂರೂ ಮಂದಿ ನನ್ನ ಬಾಗಲಾಗ ನಿಂತಿದ್ರು. ಒಬ್ಬರಾದ್ರೂ ಒಳಗ ಕೊಡದಾಗ ಏನೈತಿ ಅಂತ ಹಣಿಕಿ ನೋಡಲಿಲ್ಲ.”

ತಾಯಿ ಅವಳನ್ನು ಕಿಟಕಿಯ ಬದಿಗೆ ಕೂರಿಸಿದಳು. ಬಸ್ಸು ಹೊರಟ ಮೇಲೆ ಅಲ್ಲೇ ಕಲ್ಲಿನ ಬೆಂಚಿನ ಮೇಲೆ ಕುಳಿತು ಅತ್ತಳು. ನನ್ನ ತಾಯಿ ಜನರ ಎದುರು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮಾನ್ಯರೇ, ಪರಿಸರ ನೀತಿಗಳನ್ನು ಹೋಲಿಸಿ ಮತ ಹಾಕಿ ಎಂದು ಪತ್ರಿಕೆಗಳು ಬರೆಯುತ್ತವೆ. ಹೋಲಿಸಿದೆ. ನೀವು ಉಳಿಸಲು ಹೊರಟ ಪ್ರಕೃತಿಯಲ್ಲಿ ಮರಗಳಿಗೆ ಜಾಗವಿದೆ, ಮನುಷ್ಯರು ನೀರು ಕುಡಿಯುವ ಜಾಗ ಮಾತ್ರ ಎಲ್ಲೂ ಕಾಣಲಿಲ್ಲ. ಇನ್ನೂ ಸಮಯವಿದೆ. ಕಾರ್ಖಾನೆ ನಡೆಯುತ್ತಿರುವಾಗಲೇ, ಓಣಿಯವರ ಎದುರಿಗೇ ಪಂಪಿನ ನೀರು ಪರೀಕ್ಷೆಗೆ ಒಯ್ಯುತ್ತೇವೆ, ಬಂದ ಫಲಿತಾಂಶವನ್ನು ಕನ್ನಡದಲ್ಲೂ ಮರಾಠಿಯಲ್ಲೂ ಚಾವಡಿಯ ಗೋಡೆಗೆ ಅಂಟಿಸುತ್ತೇವೆ, ನೀರು ಕೆಟ್ಟಿದ್ದರೆ ಡಿಸ್ಟಿಲರಿಗೆ ಬೀಗ ಹಾಕಿ ಆಮೇಲೆ ಮಾತಾಡುತ್ತೇವೆ ಎಂದು ಕೈಗಾರಿಕೆಯ ಅಧ್ಯಾಯದಲ್ಲೇ ಬರೆಯಿರಿ. ಅಲ್ಲಿಯವರೆಗೆ ಊರ ಮೇಲ್ಭಾಗದ ನಳವನ್ನು ಹಳ್ಳದ ದಂಡೆಗೂ ಎಳೆಯಿರಿ. ಊರಿನ ಒಂದು ಭಾಗಕ್ಕೆ ಬಂದ ನೀರು ಇನ್ನೊಂದು ಭಾಗಕ್ಕೆ ಏಕೆ ಇಳಿಯಲಿಲ್ಲ ಎಂಬ ಪ್ರಶ್ನೆಗೆ ಉತ್ತರ ನಿಮಗೂ ಗೊತ್ತು.

ಇದಕ್ಕೆಲ್ಲ ಅಧಿಕಾರ ಬೇಕು ಎನ್ನುತ್ತೀರಿ. ಸರಿ. ಅಧಿಕಾರ ಬೇಡದ ಒಂದು ಕೆಲಸವನ್ನು ಈ ವಾರವೇ ಮಾಡಿ. ಆಡಳಿತ ಪಕ್ಷದವರು ಆ ವಿಡಿಯೊ ತೆಗೆದುಹಾಕಿ, ಆ ದಿನ ತಾವು ಕುಡಿದದ್ದು ಒಂದು ಹಸುಗೂಸಿನ ನೀರು ಎಂದು ಅಭ್ಯರ್ಥಿಯ ಬಾಯಿಂದಲೇ ಹೇಳಿಸಲಿ. ವಿರೋಧ ಪಕ್ಷದವರು ಸೀರೆಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿ. ಮೂರನೆಯವರು ಅವಳ ಹೆಸರು ಕೇಳಿ ತಿಳಿದುಕೊಳ್ಳಲಿ. ಆಮೇಲೆ ಮೂವರಲ್ಲಿ ಯಾರಾದರೂ ಒಬ್ಬರು, ಕ್ಯಾಮೆರಾ ಇಲ್ಲದೆ, ಕೊಗನೊಳ್ಳಿಗೆ ಹೋಗಿ ಸುಂದರಾ ಮಾವಶಿಯ ಎದುರು ಕುಳಿತು, ನೀನು ತಪ್ಪು ಮಾಡಿಲ್ಲ ತಾಯಿ, ಊರಿಗೆ ಬಾ ಎನ್ನಲಿ. ನಾವು ಎಷ್ಟು ಹೇಳಿದರೂ ಅವಳು ನಂಬುತ್ತಿಲ್ಲ.

ಇಂತಿ,
ಯಾರು ಗೆದ್ದರೂ ಅವರಿಗೆ ಅಭಿನಂದನೆಯ ಬ್ಯಾನರ್ ಕಟ್ಟಲೇಬೇಕಾದ,
ಸರ್ವರಬಿಯ ಮಗ ಆಸಿಫ
ರಾಯಬಾಗ